ಕಾರು ಅಳೆಯದ ದೂರ

ಜೇಬಿನಿಂದ ಕೀ ತೆಗೆಯದೆಯೇ ಬಾಗಿಲು ತೆರೆದು, ಗುಂಡಿ ಒತ್ತಿ ಎಂಜಿನ್ ಚಾಲೂ ಮಾಡುವ ಸೌಲಭ್ಯ ಒಂದು ಕಾಲಕ್ಕೆ ಸಿರಿವಂತರ ಕಾರುಗಳಲ್ಲಿ ಮಾತ್ರ ಇತ್ತು. ಈಗ ಹತ್ತು ಲಕ್ಷ ರೂಪಾಯಿಯೊಳಗಿನ ಹ್ಯಾಚ್‌ಬ್ಯಾಕ್‌ಗಳಲ್ಲೂ ಅದು ಸಿಗುತ್ತದೆ. 2023ರ ಜನವರಿಯಲ್ಲಿ ಆಕ್ಟಿವಾ ಎಚ್-ಸ್ಮಾರ್ಟ್ ಬಂದಾಗ ಸ್ಕೂಟರಿಗೂ ಇಳಿಯಿತು. ಶೋರೂಮಿನಲ್ಲಿ ಕಾರು ತೋರಿಸುವವರು ಹಿಡಿಕೆಯ ಮೇಲಿನ ಪುಟ್ಟ ಗುಂಡಿ ಒತ್ತಿಸಿ, ‘ಕೀ ಜೇಬಿನಲ್ಲೇ ಇರಲಿ ಸರ್’ ಎನ್ನುತ್ತಾರೆ. ಆ ಕೀಯಲ್ಲಿ ಒಂದು ಮೂಲಭೂತ ದೋಷವಿದೆ ಎಂದು ಸಂಶೋಧಕರು 2011ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ ಎಂಬುದು ಆ ಮಾತುಕತೆಯಲ್ಲಿ ಬರುವುದಿಲ್ಲ. ಬ್ರಿಟನ್ ಮತ್ತು ಕೆನಡಾ ಹಲವು ವರ್ಷಗಳಿಂದ ಆ ದೋಷದ ಬೆಲೆ ತೆರುತ್ತಿವೆ. ಭಾರತದಲ್ಲಿ ಇಂದು ಮಾರಾಟವಾಗುವ ಕಾರು ಇನ್ನು ಹದಿನೈದು ವರ್ಷ ರಸ್ತೆಯಲ್ಲಿರುತ್ತದೆ. ಅದರೊಳಗೆ ಕೂತ ದೋಷವೂ ಅಷ್ಟೇ ವರ್ಷ ಅಲ್ಲೇ ಇರುತ್ತದೆ.

ದೋಷ ಎಲ್ಲಿದೆ ಎಂದು ತಿಳಿಯಲು ಹಿಡಿಕೆ ಮುಟ್ಟಿದ ಕ್ಷಣದಲ್ಲಿ ಏನಾಗುತ್ತದೆ ಎಂಬುದನ್ನು ನೋಡಬೇಕು. ಕಾರಿನ ಬಾಗಿಲು ಮತ್ತು ಡಿಕ್ಕಿಯ ಬಳಿ ಇರುವ ಸಣ್ಣ ಆಂಟೆನಾಗಳು ಸುಮಾರು 125 ಕಿಲೋಹರ್ಟ್ಸ್‌ನ ದುರ್ಬಲ ಸಂಕೇತ ಹೊರಡಿಸುತ್ತವೆ. ಅದು ತಲುಪುವುದು ಒಂದೆರಡು ಮೀಟರ್ ಮಾತ್ರ. ಆ ವ್ಯಾಪ್ತಿಯಲ್ಲಿ ಕೀ ಇದ್ದರೆ ಅದು ಎಚ್ಚೆತ್ತು, ಕಾರು ಕೊಟ್ಟ ಸಂಖ್ಯೆಯನ್ನು ತನ್ನೊಳಗಿನ ರಹಸ್ಯ ಸೂತ್ರಕ್ಕೆ ಹಾಕಿ, ಬಂದ ಉತ್ತರವನ್ನು ನಮ್ಮಲ್ಲಿ ಸಾಮಾನ್ಯವಾಗಿ 433 ಮೆಗಾಹರ್ಟ್ಸ್‌ನಲ್ಲಿ ಹಿಂದಕ್ಕೆ ಕಳಿಸುತ್ತದೆ. ಈ ಎರಡನೆಯ ಸಂಕೇತಕ್ಕೆ ಹತ್ತಾರು ಮೀಟರ್ ದಾಟುವ ಶಕ್ತಿಯಿದೆ. ಉತ್ತರ ಸರಿಯಿದ್ದರೆ ಬಾಗಿಲು ತೆರೆಯುತ್ತದೆ. ಸ್ಟಾರ್ಟ್ ಗುಂಡಿ ಒತ್ತಿದಾಗಲೂ ಇದೇ ಪ್ರಶ್ನೋತ್ತರ ಮತ್ತೊಮ್ಮೆ ನಡೆಯುತ್ತದೆ.

ಇಷ್ಟರಲ್ಲಿ ಕಾರು ಪರಿಶೀಲಿಸಿದ್ದು ‘ಉತ್ತರ ಕೊಟ್ಟದ್ದು ನನ್ನ ಕೀಯೇ?’ ಎಂಬುದೊಂದನ್ನೇ. ಕೀ ಎಷ್ಟು ದೂರದಲ್ಲಿದೆ ಎಂದು ಅದು ಅಳೆಯಲಿಲ್ಲ. ಕಾಂತಕ್ಷೇತ್ರದ ಬಲ ದೂರದ ಘನಕ್ಕೆ ವಿಲೋಮವಾಗಿ ಕುಗ್ಗುತ್ತದೆ, ದೂರ ಎರಡು ಪಟ್ಟಾದರೆ ಬಲ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ನನ್ನ ಸಂಕೇತ ಕೇಳಿಸಿಕೊಂಡವನು ಹತ್ತಿರದಲ್ಲೇ ಇರಬೇಕು ಎಂದು ಕಾರು ನಂಬಿಬಿಡುತ್ತದೆ. ಇಡೀ ವ್ಯವಸ್ಥೆ ನಿಂತಿರುವುದು ಈ ನಂಬಿಕೆಯ ಮೇಲೆ. ಸಂಕೇತವನ್ನು ನಡುವೆ ಯಾರೋ ಹಿಡಿದು, ಬಲ ತುಂಬಿ, ದೂರಕ್ಕೆ ದಾಟಿಸಿದರೆ ನಂಬಿಕೆ ಅಲ್ಲೇ ಕುಸಿಯುತ್ತದೆ. ಕೋಟೆಯ ಕಾವಲುಗಾರ ಗುಟ್ಟಿನ ಮಾತು ಕೇಳುತ್ತಾನೆ ಎನ್ನಿ. ಬಾಗಿಲಲ್ಲಿ ನಿಂತವನು ಆ ಪ್ರಶ್ನೆಯನ್ನು ಫೋನಿನಲ್ಲಿ ದೂರದ ಊರಿನಲ್ಲಿರುವ ನಿಜವಾದ ಅಧಿಕಾರಿಗೆ ಕೇಳಿಸಿ, ಬಂದ ಉತ್ತರವನ್ನು ಕಾವಲುಗಾರನ ಕಿವಿಗೆ ಹಿಡಿದರೆ ಬಾಗಿಲು ತೆರೆಯುತ್ತದೆ. ಗುಟ್ಟು ಎಷ್ಟು ಗಟ್ಟಿಯಾಗಿದ್ದರೂ ಇಲ್ಲಿ ಲಾಭವಿಲ್ಲ, ಏಕೆಂದರೆ ಯಾರೂ ಅದನ್ನು ಭೇದಿಸುತ್ತಿಲ್ಲ. ನಮ್ಮ ಕಾರಿನಲ್ಲಿ ಇಷ್ಟು ಬಿಟ್‌ಗಳ ಎನ್‌ಕ್ರಿಪ್ಶನ್ ಇದೆ ಎಂಬ ಜಾಹೀರಾತಿನ ಮಾತು ಈ ಕಳವಿನ ಮಟ್ಟಿಗೆ ಅಪ್ರಸ್ತುತ.

ಇದನ್ನು ಮೊದಲು ಅಚ್ಚುಕಟ್ಟಾಗಿ ಅಳೆದು ತೋರಿಸಿದವರು ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಔರೆಲಿಯೆನ್ ಫ್ರಾನ್ಸಿಲೋನ್, ಬೋರಿಸ್ ದಾನೆವ್ ಮತ್ತು ಸ್ರ್ದ್ಯಾನ್ ಚಾಪ್ಕುನ್. 2011ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ಎಂಟು ಕಂಪನಿಗಳ ಹತ್ತು ಮಾದರಿಯ ಕಾರುಗಳಿವೆ. ಹೀಗೆ ಸಂಕೇತ ದಾಟಿಸಿದಾಗ ಹತ್ತೂ ತೆರೆದವು, ಹತ್ತೂ ಸ್ಟಾರ್ಟ್ ಆದವು. ಅವರ ಇನ್ನೊಂದು ಅಳತೆ ನನಗೆ ಇದಕ್ಕಿಂತ ಗಂಭೀರವಾಗಿ ಕಾಣುತ್ತದೆ. ಉತ್ತರ ತಡವಾಗಿ ಬಂದರೆ ಕಾರು ಎಷ್ಟು ಹೊತ್ತು ಸಹಿಸುತ್ತದೆ ಎಂದು ನೋಡಿದಾಗ, ಕೆಲವು ಕಾರುಗಳು ಹತ್ತಾರು ಮಿಲಿಸೆಕೆಂಡು ತಡವಾದ ಉತ್ತರವನ್ನೂ ಒಪ್ಪಿಕೊಂಡವು. ಒಂದು ಮಿಲಿಸೆಕೆಂಡಿನಲ್ಲಿ ರೇಡಿಯೊ ಅಲೆ 300 ಕಿಲೋಮೀಟರ್ ಸಾಗುತ್ತದೆ. ಅಂದರೆ ತನ್ನ ಎದುರಿಗೇ ಇರಬೇಕಾದ ಕೀ ಬೇರೆ ರಾಜ್ಯದಲ್ಲಿದ್ದರೂ ಆ ಕಾರಿನ ಗಡಿಯಾರಕ್ಕೆ ಅನುಮಾನ ಬರುತ್ತಿರಲಿಲ್ಲ.

ಪ್ರಯೋಗಾಲಯದ ಉಪಕರಣ ಬೀದಿಗೆ ಇಳಿಯಲು ಹೆಚ್ಚು ಕಾಲ ಹಿಡಿಯಲಿಲ್ಲ. 2017ರಲ್ಲಿ ಚೀನಾದ ಚಿಹು 360 ಸಂಸ್ಥೆಯ ತಂಡ ಸಂಕೇತ ದಾಟಿಸುವ ಜೋಡಿ ಪೆಟ್ಟಿಗೆಗಳನ್ನು, ಒಂದು ಕೀಯ ಬಳಿಗೆ, ಇನ್ನೊಂದು ಕಾರಿನ ಬಳಿಗೆ, ಸುಮಾರು 22 ಡಾಲರ್ ಖರ್ಚಿನಲ್ಲಿ ಕಟ್ಟಿ ತೋರಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ಇಂಗ್ಲೆಂಡಿನ ವೆಸ್ಟ್ ಮಿಡ್‌ಲ್ಯಾಂಡ್ಸ್ ಪೊಲೀಸರು ಸೋಲಿಹಲ್ ಪಟ್ಟಣದ ಸಿಸಿಟಿವಿ ದೃಶ್ಯವೊಂದನ್ನು ಬಿಡುಗಡೆ ಮಾಡಿದರು. ಅದರಲ್ಲಿ ಒಬ್ಬ ಮನೆಯ ಮುಂಬಾಗಿಲ ಬಳಿ ಪೆಟ್ಟಿಗೆ ಹಿಡಿದು ಆಚೀಚೆ ಆಡಿಸುತ್ತಾನೆ, ಇನ್ನೊಬ್ಬ ಮರ್ಸಿಡಿಸ್ ಕಾರಿನ ಪಕ್ಕದಲ್ಲಿದ್ದಾನೆ. ಒಂದು ನಿಮಿಷದೊಳಗೆ ಕಾರು ಹೊರಟುಹೋಗುತ್ತದೆ. ಗಾಜು ಒಡೆದಿಲ್ಲ, ಅಲಾರಂ ಕೂಗಿಲ್ಲ. ಒಮ್ಮೆ ಎಂಜಿನ್ ಚಾಲೂ ಆದ ಮೇಲೆ ಕೀ ದೂರವಾದರೂ ಅದು ನಿಲ್ಲುವುದಿಲ್ಲ, ಎಚ್ಚರಿಕೆಯ ದೀಪ ಹೊತ್ತುತ್ತದೆ ಅಷ್ಟೇ. ಹೆದ್ದಾರಿಯಲ್ಲಿ ಕೀಯ ಬ್ಯಾಟರಿ ಸತ್ತರೆ ಕಾರು ನಡುರಸ್ತೆಯಲ್ಲಿ ನಿಲ್ಲಬಾರದು ಎಂಬ ನ್ಯಾಯವಾದ ಕಾರಣಕ್ಕೆ ಹಾಗೆ ಮಾಡಿದ್ದಾರೆ. ಕಳ್ಳನಿಗೆ ಅದೇ ಅನುಕೂಲ.

ಇದು ಒಂದೆರಡು ಕೆಟ್ಟ ಮಾದರಿಗಳ ಕಥೆಯಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಜರ್ಮನಿಯ ವಾಹನ ಮಾಲೀಕರ ಸಂಘ ಎಡಿಎಸಿ 2016ರಿಂದ ಇಂಥ ಕೀಲೆಸ್ ಕಾರುಗಳನ್ನು ಪರೀಕ್ಷಿಸುತ್ತ ಬಂದಿದೆ. ನೂರಾರು ಮಾದರಿಗಳ ಪೈಕಿ ಬಹುಪಾಲು ಕಾರುಗಳು ತಾನೇ ತಯಾರಿಸಿಕೊಂಡ ಸರಳ ಉಪಕರಣಕ್ಕೆ ಸೋತಿವೆ ಎಂದು ಅದು ವರ್ಷವರ್ಷವೂ ವರದಿ ಮಾಡಿದೆ. ಬ್ರಿಟನ್ನಿನ ವಿಮಾ ಉದ್ಯಮದ ಸಂಶೋಧನಾ ಸಂಸ್ಥೆ ಥ್ಯಾಚಮ್ 2019ರ ಮಾರ್ಚ್‌ನಲ್ಲಿ ಹೊಸದಾಗಿ ಬಂದ ಹನ್ನೊಂದು ಕಾರುಗಳಿಗೆ ಭದ್ರತೆಯ ಅಂಕ ಕೊಟ್ಟಾಗ ಆರಕ್ಕೆ ಸಿಕ್ಕದ್ದು ‘ಕಳಪೆ’ ಎಂಬ ದರ್ಜೆ. ಇಟಿಎಚ್ ಪ್ರಬಂಧ ಬಂದು ಎಂಟು ವರ್ಷವಾದ ಮೇಲೂ ಕಾರ್ಖಾನೆಯಿಂದ ಆಗತಾನೆ ಹೊರಬಂದ ಕಾರುಗಳ ಸ್ಥಿತಿ ಅದು.

ಪರಿಣಾಮ ಅಂಕಿಗಳಲ್ಲಿ ಕಾಣುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2024ರ ಮಾರ್ಚ್‌ಗೆ ಕೊನೆಗೊಂಡ ವರ್ಷದಲ್ಲಿ ಪೊಲೀಸರು ದಾಖಲಿಸಿದ ವಾಹನ ಕಳವು ಸುಮಾರು 1.3 ಲಕ್ಷ. ಅಂಥ ಕಳವುಗಳ ಶೇ 40ರಷ್ಟರಲ್ಲಿ ಎಲೆಕ್ಟ್ರಾನಿಕ್ ಉಪಕರಣ ಬಳಕೆಯಾಗುತ್ತದೆ, ಲಂಡನ್ನಿನಲ್ಲಿ ಈ ಪ್ರಮಾಣ ಶೇ 60 ಎಂದು ಅಲ್ಲಿನ ಸರ್ಕಾರ 2025ರ ಫೆಬ್ರವರಿಯಲ್ಲಿ ಹೇಳಿತು. ಇಂಥ ಉಪಕರಣ ಇಟ್ಟುಕೊಂಡವರಿಗೆ ಐದು ವರ್ಷದವರೆಗೆ ಜೈಲು ವಿಧಿಸುವ ಮಸೂದೆಯನ್ನೂ ಮಂಡಿಸಿತು. ಕೆನಡಾದಲ್ಲಿ ವರ್ಷಕ್ಕೆ ಸುಮಾರು 90,000 ಕಾರು ಕಳವಾಗುತ್ತಿವೆ ಎಂಬ ಲೆಕ್ಕ ಮುಂದಿಟ್ಟುಕೊಂಡು 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವೇ ರಾಷ್ಟ್ರೀಯ ಶೃಂಗಸಭೆ ಕರೆಯಬೇಕಾಯಿತು. ಮಾಂಟ್ರಿಯಲ್ ಬಂದರಿನ ಕಂಟೇನರ್‌ಗಳಲ್ಲಿ 598 ಕದ್ದ ವಾಹನ ಸಿಕ್ಕಿದವು ಎಂದು ಅದಾದ ಎರಡು ತಿಂಗಳಲ್ಲಿ ಪೊಲೀಸರು ಪ್ರಕಟಿಸಿದರು. ಟೊರಾಂಟೊ ಸುತ್ತಲಿನ ಬ್ರಾಂಪ್ಟನ್, ಮಿಸಿಸಾಗಾ ಕಡೆ ಮನೆ ಮಾಡಿಕೊಂಡ ಕನ್ನಡಿಗರಿಗೆ ಇದು ಪತ್ರಿಕೆಯಲ್ಲಿ ಓದುವ ಸುದ್ದಿಯಲ್ಲ, ರಾತ್ರಿ ಮಲಗುವ ಮುನ್ನದ ಚಿಂತೆ. ಕೀಗಾಗಿ ಮನೆಗೇ ನುಗ್ಗುವ ಪ್ರಕರಣಗಳು ಹೆಚ್ಚಿದಾಗ, ಕೀಯನ್ನು ಬಾಗಿಲ ಬಳಿಯೇ ಇಟ್ಟುಬಿಡಿ, ಪ್ರಾಣಾಪಾಯವಾದರೂ ತಪ್ಪುತ್ತದೆ ಎಂಬರ್ಥದ ಸಲಹೆಯನ್ನು ಅಲ್ಲಿನ ಪೊಲೀಸ್ ಅಧಿಕಾರಿಯೊಬ್ಬರು ಸಾರ್ವಜನಿಕ ಸಭೆಯಲ್ಲೇ ಕೊಟ್ಟರು. ಕಾರಿನ ಭದ್ರತೆಯ ವೈಫಲ್ಯ ಕೊನೆಗೆ ಎಲ್ಲಿಗೆ ಬಂದು ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಮ್ಮ ಕಡೆಗೆ ಬರುವ ಮೊದಲು ಇನ್ನೊಂದು ಸಂಗತಿ ಹೇಳಬೇಕು. ಸಂಕೇತ ದಾಟಿಸುವ ಕಳವು ಒಂದೇ ದಾರಿಯಲ್ಲ. ಬೆಲ್ಜಿಯಮ್‌ನ ಲ್ಯೂವೆನ್ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಟೆಸ್ಲಾ ಮಾಡೆಲ್ ಎಸ್ ಕೀಯನ್ನು ಕೆಲವೇ ಸೆಕೆಂಡುಗಳಲ್ಲಿ ನಕಲು ಮಾಡಿದರು, ಏಕೆಂದರೆ ಅದರೊಳಗಿದ್ದದ್ದು ಹಳೆಯ 40 ಬಿಟ್‌ನ ಗೂಢಲಿಪಿ. 2022ರಲ್ಲಿ ಲಂಡನ್ನಿನಲ್ಲಿ ವಾಹನ ಭದ್ರತಾ ಸಂಶೋಧಕ ಇಯನ್ ಟೇಬರ್ ಅವರ ಸ್ವಂತ ಟೊಯೊಟಾ ರ‍್ಯಾವ್4 ಕಳವಾಯಿತು. ಅವರು ಮತ್ತು ಇನ್ನೊಬ್ಬ ತಜ್ಞ ಕೆನ್ ಟಿಂಡೆಲ್ ಅದರ ಬೆನ್ನು ಹತ್ತಿ 2023ರಲ್ಲಿ ಪ್ರಕಟಿಸಿದ ವಿವರ ದಿಗಿಲು ಹುಟ್ಟಿಸುವಂಥದು. ಕಳ್ಳರು ಹೆಡ್‌ಲೈಟ್ ಬಳಿಯ ವೈರ್‌ಗಳ ಮೂಲಕ ಕಾರಿನ ಒಳಜಾಲಕ್ಕೆ ಸೇರಿಕೊಂಡು, ‘ಕೀ ಸರಿಯಾಗಿದೆ’ ಎಂಬ ಸಂದೇಶವನ್ನು ನೇರವಾಗಿ ತುರುಕುತ್ತಾರೆ. ಆ ಉಪಕರಣವನ್ನು ಅಡಗಿಸಿದ್ದು ಸಾಮಾನ್ಯ ಬ್ಲೂಟೂತ್ ಸ್ಪೀಕರ್ ಒಳಗೆ. ಅಲ್ಲಿ ಕೀಯ ಪಾತ್ರವೇ ಇಲ್ಲ.

ಸತ್ಯವನ್ನು ಮುಚ್ಚಿಟ್ಟು ಕಾಯುವುದರಿಂದ ಏನಾಗುತ್ತದೆ ಎಂಬುದಕ್ಕೂ ಇತಿಹಾಸವಿದೆ. ಹಲವು ಕಂಪನಿಗಳು ಬಳಸುತ್ತಿದ್ದ ಮೆಗಾಮೋಸ್ ಎಂಬ, ಸರಿಯಾದ ಕೀ ಇಲ್ಲದೆ ಎಂಜಿನ್ ಚಾಲೂ ಆಗದಂತೆ ತಡೆಯುವ ಇಮೊಬಿಲೈಸರ್ ಚಿಪ್‌ನ ದೌರ್ಬಲ್ಯವನ್ನು ಯುರೋಪಿನ ಮೂವರು ಸಂಶೋಧಕರು ಕಂಡುಹಿಡಿದಾಗ, ಫೋಕ್ಸ್‌ವ್ಯಾಗನ್ 2013ರಲ್ಲಿ ಬ್ರಿಟನ್ನಿನ ಹೈಕೋರ್ಟ್‌ನಿಂದ ತಡೆಯಾಜ್ಞೆ ತಂದಿತು. ಪ್ರಬಂಧ ಹೊರಬಂದದ್ದು 2015ರಲ್ಲಿ. ಆ ಎರಡು ವರ್ಷ ದೋಷವಿದ್ದ ಕಾರುಗಳು ಎಂದಿನಂತೆ ಓಡಾಡಿದವು, ಗೊತ್ತಾಗದೆ ಉಳಿದವರು ಕೊಂಡವರು ಮಾತ್ರ. ಕಳ್ಳನಿಗೆ ತಿಳಿದುಬಿಡುತ್ತದೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಈ ಕ್ಷೇತ್ರದಲ್ಲಿ ಕೊನೆಗೆ ತಿಳಿಯುವುದು ಯಾವಾಗಲೂ ಮಾಲೀಕನಿಗೆ.

ಈಗ ನಮ್ಮ ನೆಲ. 2025ರ ಜೂನ್‌ನಲ್ಲಿ ದೆಹಲಿಯ ಸಫ್ದರ್‌ಜಂಗ್ ಎನ್‌ಕ್ಲೇವ್‌ನಲ್ಲಿ ರಸ್ತೆಬದಿ ನಿಲ್ಲಿಸಿದ್ದ ಹೊಸ ಎಸ್‌ಯುವಿ ಕಳವಾದ ಸಿಸಿಟಿವಿ ದೃಶ್ಯವನ್ನು ದೇಶವೇ ನೋಡಿತು. ಮೊದಲು ಬಂದು ಕಿಟಕಿ ಗಾಜು ಒಡೆದು ಹೋದವರು, ಮತ್ತೆ ಬಂದು ಎಲೆಕ್ಟ್ರಾನಿಕ್ ಭದ್ರತೆಯನ್ನು ಮುರಿದು ಕಾರು ಒಯ್ದರು. ಕೆಲಸ ಮುಗಿಯಲು ಒಂದು ನಿಮಿಷ ಸಾಕಾಯಿತು. 2021ರ ಜನವರಿಯಲ್ಲಿ ಹೈದರಾಬಾದಿನ ಪಂಚತಾರಾ ಹೋಟೆಲಿನ ಪಾರ್ಕಿಂಗ್‌ನಿಂದ ಕನ್ನಡ ಚಿತ್ರ ನಿರ್ಮಾಪಕರೊಬ್ಬರ ಎಸ್‌ಯುವಿ ಕಳವಾಗಿತ್ತು. ಆ ಪ್ರಕರಣದಲ್ಲಿ ಮರುವರ್ಷ ಬಂಧಿತನಾದವನು ಹೊಸ ಕೀ ಪ್ರೋಗ್ರಾಮ್ ಮಾಡುವ ಕೈ ಉಪಕರಣ ಬಳಸಿ ಹಲವು ರಾಜ್ಯಗಳಲ್ಲಿ ದುಬಾರಿ ಕಾರು ಕದ್ದಿದ್ದ ಎಂದು ಪೊಲೀಸರು ಹೇಳಿದರು. ಸ್ಟೀರಿಂಗ್ ಕೆಳಗಿರುವ ಒಬಿಡಿ ಪೋರ್ಟ್‌ಗೆ ಇಂಥ ಉಪಕರಣ ಸಿಕ್ಕಿಸಿ ಖಾಲಿ ಕೀಯನ್ನು ಕಾರಿಗೆ ‘ಪರಿಚಯ’ ಮಾಡಿಕೊಡಬಹುದು. ಕಳೆದುಹೋದ ಕೀಗೆ ಬದಲಿ ಮಾಡಿಕೊಡಲು ಸರ್ವಿಸ್ ಸೆಂಟರ್‌ನವರು ಮಾಡುವುದೂ ಇದನ್ನೇ.

ನಮ್ಮಲ್ಲಿ ಹೆಚ್ಚು ಸುದ್ದಿಯಾಗಿರುವುದು ಈ ಒಬಿಡಿ ದಾರಿ. ಅದಕ್ಕೆ ಗಾಜು ಒಡೆಯಬೇಕು, ಸದ್ದಾಗುತ್ತದೆ, ಅಪಾಯವಿದೆ. ಆದರೆ ಕೀಲೆಸ್ ಕಾರುಗಳ ಸಂಖ್ಯೆ ಬೆಳೆದಂತೆ, ಸಂಕೇತ ದಾಟಿಸುವ ಸದ್ದಿಲ್ಲದ ದಾರಿಯ ಲಾಭವೂ ಬೆಳೆಯುತ್ತದೆ. ಬ್ರಿಟನ್ನಿನಲ್ಲಿ ಆದದ್ದು ಹಾಗೆಯೇ. ನಮ್ಮ ಊರುಗಳ ಮನೆಗಳ ಜೋಡಣೆ ಅದಕ್ಕೆ ಹೇಳಿ ಮಾಡಿಸಿದಂತಿದೆ. ಬೆಂಗಳೂರಿನ ಬಡಾವಣೆಯ 30x40 ಸೈಟು ತೆಗೆದುಕೊಳ್ಳಿ. ರಸ್ತೆಯಿಂದ ಹಿತ್ತಲ ಗೋಡೆಯವರೆಗೆ ನಲವತ್ತು ಅಡಿ, ಅಂದರೆ ಹನ್ನೆರಡು ಮೀಟರ್. ಕಾರು ಗೇಟಿನ ಹೊರಗೆ ರಸ್ತೆಯಲ್ಲಿ. ಕೀ ಬಾಗಿಲ ಪಕ್ಕದ ಮೊಳೆಯಲ್ಲಿ, ಇಲ್ಲವೇ ಹಾಲ್‌ನ ಟಿ.ವಿ. ಸ್ಟ್ಯಾಂಡಿನ ಮೇಲೆ. ಜ್ಯೂರಿಕ್‌ನವರ ಪ್ರಯೋಗದಲ್ಲಿ ಆಂಟೆನಾದಿಂದ ಎಂಟು ಮೀಟರ್ ದೂರವಿದ್ದ ಕೀಯನ್ನೂ ಎಬ್ಬಿಸಲು ಸಾಧ್ಯವಾಗಿತ್ತು. ನಮ್ಮ ಕೀ ಕಾಂಪೌಂಡ್ ಗೋಡೆಯಿಂದ ಅಷ್ಟು ದೂರ ಇರುವುದೇ ಅಪರೂಪ.

ಹಾಗಾದರೆ ಪರಿಹಾರ ಇಲ್ಲವೇ? ಇದೆ, ಅದೂ ಭೌತವಿಜ್ಞಾನದಲ್ಲೇ ಇದೆ. ದೂರವನ್ನು ಊಹಿಸುವುದು ಬಿಟ್ಟು ಅಳೆಯಬೇಕು. ರೇಡಿಯೊ ಅಲೆ ಒಂದು ನ್ಯಾನೊಸೆಕೆಂಡಿನಲ್ಲಿ ಮೂವತ್ತು ಸೆಂಟಿಮೀಟರ್ ಸಾಗುತ್ತದೆ. ಪ್ರಶ್ನೆ ಹೋಗಿ ಉತ್ತರ ಬರುವ ಸಮಯವನ್ನು ಆ ಸೂಕ್ಷ್ಮತೆಯಲ್ಲಿ ಅಳೆದರೆ, ನಡುವೆ ಎಷ್ಟೇ ಪೆಟ್ಟಿಗೆ ಇಟ್ಟರೂ ಬೆಳಕಿಗಿಂತ ವೇಗವಾಗಿ ಸಂಕೇತ ದಾಟಿಸಲು ಕಳ್ಳನಿಂದ ಆಗದು. ಅಲ್ಟ್ರಾ ವೈಡ್‌ಬ್ಯಾಂಡ್, ಅಂದರೆ ಯುಡಬ್ಲ್ಯುಬಿ ಎಂಬ ತಂತ್ರಜ್ಞಾನ ಮಾಡುವುದು ಇದನ್ನೇ. ಇದರ ಸುರಕ್ಷಿತ ರೂಪಕ್ಕೆ 2020ರಲ್ಲಿ ಅಂತರರಾಷ್ಟ್ರೀಯ ಮಾನದಂಡ ಸಿದ್ಧವಾಯಿತು, ಮರುವರ್ಷ ಕಾರು ಉದ್ಯಮದ ಡಿಜಿಟಲ್ ಕೀ ಒಕ್ಕೂಟವೂ ಅದನ್ನು ಅಳವಡಿಸಿಕೊಂಡಿತು. ಎಡಿಎಸಿ ಪರೀಕ್ಷೆಗಳಲ್ಲಿ ಗೆದ್ದ ಕೆಲವೇ ಕಾರುಗಳಲ್ಲಿ ಇಂಥವೇ ಪ್ರಮುಖ.

ಇಲ್ಲೂ ಎಚ್ಚರ ಬೇಕು. ಚಿಪ್ ಇದ್ದ ಮಾತ್ರಕ್ಕೆ ರಕ್ಷಣೆ ಇದೆ ಎಂದಲ್ಲ. 2024ರಲ್ಲಿ ಬೀಜಿಂಗ್‌ನ ಗೋಗೋಬೈಟ್ ಎಂಬ ಭದ್ರತಾ ಸಂಸ್ಥೆ, ಯುಡಬ್ಲ್ಯುಬಿ ಇದ್ದ ಹೊಸ ಟೆಸ್ಲಾ ಮಾಡೆಲ್ 3 ಕಾರನ್ನೂ ಹಳೆಯ ರೀತಿಯಲ್ಲೇ ತೆರೆದು ತೋರಿಸಿತು. ಬಾಗಿಲು ತೆರೆಯುವ ನಿರ್ಧಾರಕ್ಕೆ ಆ ಕಾರು ದೂರದ ಅಳತೆಯನ್ನು ಆಗಿನ್ನೂ ಬಳಸುತ್ತಿರಲಿಲ್ಲ. ಫೋನನ್ನೇ ಕೀ ಮಾಡಿಕೊಳ್ಳುವ ಬ್ಲೂಟೂತ್ ವ್ಯವಸ್ಥೆಯ ಮೇಲೂ ಇದೇ ದಾಳಿ ಸಾಧ್ಯ ಎಂದು ಎನ್‌ಸಿಸಿ ಗ್ರೂಪ್ ಎಂಬ ಭದ್ರತಾ ಸಂಸ್ಥೆ 2022ರಲ್ಲಿ ತೋರಿಸಿದೆ. ಆದ್ದರಿಂದ ಶೋರೂಮಿನಲ್ಲಿ ಕೇಳಬೇಕಾದದ್ದು ‘ಸ್ಮಾರ್ಟ್ ಕೀ ಇದೆಯೇ’ ಎಂದಲ್ಲ. ಈ ಕಾರು ಬಾಗಿಲು ತೆರೆಯುವ ಮುನ್ನ ಕೀಯ ದೂರವನ್ನು ಅಳೆಯುತ್ತದೆಯೇ? ಕೀ ಅಲುಗಾಡದೆ ಇದ್ದಾಗ ತಾನೇ ನಿದ್ರೆಗೆ ಹೋಗುತ್ತದೆಯೇ? ಕೀಲೆಸ್ ಸೌಲಭ್ಯವನ್ನು ಪೂರ್ತಿ ಆಫ್ ಮಾಡಲು ಬರುತ್ತದೆಯೇ? ಎರಡನೆಯದು ದುಬಾರಿ ತಂತ್ರವೇನಲ್ಲ. ಬ್ರಿಟನ್ನಿನಲ್ಲಿ ಫೋರ್ಡ್ 2019ರಲ್ಲೇ ತನ್ನ ಫಿಯೆಸ್ಟಾ, ಫೋಕಸ್‌ನಂಥ ಸಾಧಾರಣ ಕಾರುಗಳ ಕೀಗೆ ಚಲನೆ ಗುರುತಿಸುವ ಸೆನ್ಸರ್ ಹಾಕಿ, ನಲವತ್ತು ಸೆಕೆಂಡು ಅಲುಗಾಡದಿದ್ದರೆ ಅದು ಉತ್ತರ ಕೊಡುವುದನ್ನೇ ನಿಲ್ಲಿಸುವಂತೆ ಮಾಡಿತು. ಮೊಳೆಗೆ ತೂಗುಹಾಕಿದ ಕೀ ರಾತ್ರಿಯಿಡೀ ಮೌನವಾಗಿರುತ್ತದೆ. ಇಷ್ಟು ಸಣ್ಣ ಬಿಡಿಭಾಗ ನಮ್ಮ ಕಾರುಗಳ ಕೀಯಲ್ಲೂ ಕಡ್ಡಾಯವಾಗಿ ಇರಬೇಕು.

ಈಗಾಗಲೇ ಕಾರು ಕೊಂಡವರು ಮಾಡಬಹುದಾದದ್ದು ಸರಳವಾಗಿದೆ, ಆದರೆ ಪ್ರತಿದಿನ ಮಾಡಬೇಕು. ಸಂಕೇತ ತಡೆಯುವ ಲೋಹದ ಪದರವಿರುವ ಚೀಲ, ಫ್ಯಾರಡೆ ಪೌಚ್ ಎನ್ನುತ್ತಾರೆ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕೊಂಡ ಮೇಲೆ ಪರೀಕ್ಷಿಸದೆ ನಂಬಬೇಡಿ. ಕೀಯನ್ನು ಅದರೊಳಗೆ ಹಾಕಿ, ಬಾಯಿ ಮುಚ್ಚಿ, ಚೀಲವನ್ನು ಕಾರಿನ ಹಿಡಿಕೆಗೇ ಒತ್ತಿ ಹಿಡಿದು ಗುಂಡಿ ಒತ್ತಿ. ಬಾಗಿಲು ತೆರೆದರೆ ಚೀಲ ಕೆಲಸಕ್ಕೆ ಬಾರದು. ಮಡಿಕೆಯಲ್ಲಿ ಪದರ ಸವೆಯುವುದರಿಂದ ಕೆಲವು ತಿಂಗಳಿಗೊಮ್ಮೆ ಇದೇ ಪರೀಕ್ಷೆ ಮಾಡಬೇಕು. ಅಡುಗೆಮನೆಯ ಸ್ಟೀಲ್ ಡಬ್ಬಿ ಕೆಲವೊಮ್ಮೆ ಸಾಕಾಗುತ್ತದೆ, ಮುಚ್ಚಳ ಸಡಿಲವಿದ್ದರೆ ಸಾಕಾಗುವುದಿಲ್ಲ. ಅದಕ್ಕೂ ಇದೇ ಪರೀಕ್ಷೆ. ಫ್ರಿಜ್, ಮೈಕ್ರೋವೇವ್ ಬೇಡ, ಕೀ ಹಾಳಾಗುವ ಸಂಭವವೇ ಹೆಚ್ಚು. ಬೀರುವಿನಲ್ಲಿರುವ ಎರಡನೆಯ ಕೀಯನ್ನು ಬಹುತೇಕರು ಮರೆಯುತ್ತಾರೆ. ಅದೂ ಹಗಲು ರಾತ್ರಿ ಉತ್ತರ ಕೊಡಲು ಸಿದ್ಧವಾಗಿಯೇ ಇರುತ್ತದೆ, ಅದಕ್ಕೂ ಚೀಲ ಬೇಕು. ಕೆಲವು ಕಾರುಗಳಲ್ಲಿ ಕೀಯ ಗುಂಡಿಗಳನ್ನು ನಿರ್ದಿಷ್ಟ ಕ್ರಮದಲ್ಲಿ ಒತ್ತಿ ಅದನ್ನು ಮಲಗಿಸಬಹುದು, ಕೆಲವದರಲ್ಲಿ ಪರದೆಯ ಸೆಟ್ಟಿಂಗ್‌ನಲ್ಲಿ ಕೀಲೆಸ್ ಅನ್ನು ಆಫ್ ಮಾಡಬಹುದು. ಇಂಥ ಸೌಲಭ್ಯವಿದ್ದರೆ ಕಾರಿನ ಕೈಪಿಡಿಯಲ್ಲಿ ಅದರ ವಿವರ ಇರುತ್ತದೆ.

ಚೀಲ ತಡೆಯುವುದು ಸಂಕೇತ ದಾಟಿಸುವ ಕಳವನ್ನು ಮಾತ್ರ. ಒಬಿಡಿ ಪೋರ್ಟ್ ಅಥವಾ ಹೆಡ್‌ಲೈಟ್ ವೈರ್ ಮೂಲಕ ಬರುವವನಿಗೆ ಅದು ಲೆಕ್ಕಕ್ಕಿಲ್ಲ. ಅವನನ್ನು ನಿಧಾನಿಸುವುದು ಕಬ್ಬಿಣ. ಹೊರಗೆ ಎದ್ದು ಕಾಣುವ ಸ್ಟೀರಿಂಗ್ ಲಾಕ್, ಗೇರ್ ಲಾಕ್, ಒಬಿಡಿ ಪೋರ್ಟ್‌ಗೆ ಬೀಗ. ಒಂದು ನಿಮಿಷದ ಕೆಲಸವನ್ನು ಹತ್ತು ನಿಮಿಷದ ಸದ್ದಿನ ಕೆಲಸ ಮಾಡಿದರೆ ಬಹಳಷ್ಟು ಕಳ್ಳರು ಮುಂದಿನ ಕಾರಿಗೆ ಹೋಗುತ್ತಾರೆ. ಕಾರಿನಲ್ಲಿ ಪಿನ್ ಹಾಕಿ ಚಾಲೂ ಮಾಡುವ ಸೌಲಭ್ಯವಿದ್ದರೆ ಅದನ್ನು ಖಂಡಿತ ಬಳಸಿ. 2018ರಲ್ಲಿ ಟೆಸ್ಲಾ ಇದನ್ನು ಸಾಫ್ಟ್‌ವೇರ್ ಮೂಲಕ ಹಳೆಯ ಕಾರುಗಳಿಗೂ ಕೊಟ್ಟಿತು.

ಕಳವಾದ ಮೇಲಿನ ತೊಂದರೆಯೂ ಹೊಸದು. ನಮ್ಮಲ್ಲಿ ಕಳವಿನ ಕ್ಲೇಮ್ ಕೇಳಿದಾಗ ವಿಮಾ ಕಂಪನಿ ಎರಡೂ ಮೂಲ ಕೀಗಳನ್ನು ಒಪ್ಪಿಸಲು ಹೇಳುತ್ತದೆ, ಕಾರು ಪತ್ತೆಯಾಗಲಿಲ್ಲ ಎಂಬ ಪೊಲೀಸರ ಸಿ ರಿಪೋರ್ಟ್ ಕೇಳುತ್ತದೆ. ಗಾಜಿನ ಚೂರೂ ಬೀಳದ ಕಳವಿನಲ್ಲಿ, ಕೀ ನಿಮ್ಮ ಬಳಿಯೇ ಇರುವಾಗ ಕಾರು ಹೇಗೆ ಹೋಯಿತು ಎಂಬ ಅನುಮಾನ ಮಾಲೀಕನ ಮೇಲೇ ತಿರುಗಬಹುದು. ಹಾಗಾಗಿ ಬೀದಿಯತ್ತ ಮುಖ ಮಾಡಿದ ಕ್ಯಾಮೆರಾ ಇದ್ದರೆ ಅದರ ದೃಶ್ಯವನ್ನು ಕೂಡಲೇ ಉಳಿಸಿಕೊಳ್ಳಿ. ಒಂದು ಕೀ ಕಳೆದುಹೋಗಿದ್ದರೆ ಅಂದೇ ದೂರು ಕೊಟ್ಟು ದಾಖಲೆ ಇಟ್ಟುಕೊಳ್ಳಿ. ಬ್ರಿಟನ್ನಿನಲ್ಲಿ ಕಳವು ಹೆಚ್ಚಿದ ಮಾದರಿಗಳಿಗೆ ವಿಮೆ ಸಿಗುವುದೇ ಕಷ್ಟವಾಗಿ, 2023ರಲ್ಲಿ ಜಾಗ್ವಾರ್ ಲ್ಯಾಂಡ್‌ರೋವರ್ ತನ್ನ ಹಳೆಯ ಕಾರುಗಳ ಭದ್ರತೆ ಸುಧಾರಿಸಲು ಒಂದು ಕೋಟಿ ಪೌಂಡ್ ತೆಗೆದಿಟ್ಟಿತು. ಅದರ ಒಡೆತನ ಟಾಟಾ ಸಮೂಹದ್ದು. ಅಲ್ಲಿ ಹಣ ತೆತ್ತು ಕಲಿತ ಪಾಠ ಇಲ್ಲಿನ ಕಾರುಗಳಿಗೆ ಮೊದಲೇ ಸಿಗಬೇಕೆಂದು ಕೇಳುವ ಹಕ್ಕು ನಮಗಿದೆ.

ವಿಶ್ವಸಂಸ್ಥೆಯ ಆರ್155 ಎಂಬ ವಾಹನ ಸೈಬರ್ ಭದ್ರತಾ ನಿಯಮ 2024ರ ಜುಲೈನಿಂದ ಯುರೋಪಿನ ಎಲ್ಲ ಹೊಸ ಕಾರುಗಳಿಗೆ ಅನ್ವಯವಾಗಿದೆ. ಅದೇ ಮಾದರಿಯಲ್ಲಿ ನಮ್ಮಲ್ಲೂ ಎಐಎಸ್-189 ಮಾನದಂಡ ರೂಪುಗೊಂಡಿದೆ. ಈ ನಿಯಮಗಳು ಕಂಪನಿಯೊಳಗಿನ ಭದ್ರತಾ ವ್ಯವಸ್ಥೆಯನ್ನು ನೋಡುತ್ತವೆಯೇ ಹೊರತು, ಪರೀಕ್ಷಾ ಮೈದಾನದಲ್ಲಿ ಇಬ್ಬರು ಎರಡು ಪೆಟ್ಟಿಗೆ ಹಿಡಿದು ನಿಂತರೆ ಈ ಕಾರು ತೆರೆಯುತ್ತದೆಯೇ ಎಂಬ ನೇರ ಪ್ರಶ್ನೆಗೆ ಅಂಕ ಕೊಡುವುದಿಲ್ಲ. ಅಪಘಾತ ಸುರಕ್ಷೆಗೆ 2023ರಲ್ಲಿ ಬಂದ ಭಾರತ್ ಎನ್‌ಕ್ಯಾಪ್ ನಕ್ಷತ್ರಗಳನ್ನು ಜನ ಈಗ ಕೇಳಿ ಕಾರು ಕೊಳ್ಳುತ್ತಿದ್ದಾರೆ. ಕಳವಿನ ಭದ್ರತೆಗೂ ಅಂಥದೇ ಬಹಿರಂಗ ಪರೀಕ್ಷೆ ಬೇಕು, ಫಲಿತಾಂಶ ಕಾರಿನ ಬೆಲೆಪಟ್ಟಿಯ ಪಕ್ಕದಲ್ಲೇ ಅಚ್ಚಾಗಬೇಕು. ಅದು ಬರುವವರೆಗೆ, ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಆರ್.ಸಿ. ವರ್ಗಾವಣೆಯ ಜೊತೆಗೆ ಇನ್ನೊಂದು ಕೆಲಸ ಮಾಡಿಸಿಕೊಳ್ಳಿ: ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಈ ಕಾರಿಗೆ ಎಷ್ಟು ಕೀ ನೋಂದಣಿಯಾಗಿವೆ ಎಂದು ನೋಡಿಸಿ, ನಿಮ್ಮ ಕೈಯಲ್ಲಿರುವ ಎರಡನ್ನು ಬಿಟ್ಟು ಉಳಿದದ್ದನ್ನೆಲ್ಲ ಅಳಿಸಿಸಿ.